ಕೈದೀಪವನ್ನು ಪರೀಕ್ಷಿಸುವ ಕ್ರಮ

ನಮ್ಮ ಕರಾವಳಿಯ ಹಳ್ಳಿಗಳಲ್ಲಿ ‘ಬ್ಯಾಟರಿ’ ಎಂದೂ ಪಟ್ಟಣಗಳಲ್ಲಿ ‘ಟಾರ್ಚು’ ಎಂದೂ ಕರೆಯಲ್ಪಡುವ ಕೈದೀಪವು ಇಲ್ಲದಿರುವ ಮನೆಯು ಇಂದು ಅಪರೂಪವಾಗಿದೆ. ವರ್ಷವೊಂದಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ, ಅದರ ಬಹುಭಾಗವು ಜೂನ್ ಮೊದಲ್ಗೊಂಡು ಸೆಪ್ಟೆಂಬರ್ ತನಕದ ನಾಲ್ಕೇ ತಿಂಗಳಲ್ಲಿ ಬೀಳುವದರಿಂದ, ಮರ ಮುರಿದು ತಂತಿಯ ಮೇಲೆ ಬಿದ್ದು ವಿದ್ಯುತ್ತು ನಿಲ್ಲುವದೂ, ಮೋಡ ಕವಿದ ಸಂಜೆಯಲ್ಲಿ ಅಡಿಕೆ ತೋಟದೊಳಗಿನ ದಾರಿಯು ಬೇಗನೆ ಕತ್ತಲಾಗುವದೂ ಎಲ್ಲರಿಗೂ ತಿಳಿದ ಸಂಗತಿ. ಆದಕಾರಣ ಮೇ ತಿಂಗಳ ಕಡೆಯಲ್ಲಿ ಉಡುಪಿಯ ಅಂಗಡಿಗಳಲ್ಲಿ ಕೊಡೆಗಳ ಮಗ್ಗುಲಲ್ಲಿಯೇ ಕೈದೀಪಗಳ ಪೆಟ್ಟಿಗೆಗಳು ಸಾಲಾಗಿ ಕೂಡ್ರುತ್ತವೆ. ಆ ಪೆಟ್ಟಿಗೆಗಳ ಮೇಲೆ ದೊಡ್ಡ ದೊಡ್ಡ ಅಂಕೆಗಳು ಅಚ್ಚಾಗಿರುತ್ತವೆ. ಕೊಳ್ಳುವವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಆ ಅಂಕೆಗಳ ಅರ್ಥ ತಿಳಿಯದು. ತಿಳಿಯದೆಂಬ ಧೈರ್ಯದಿಂದಲೇ ಅವುಗಳಲ್ಲಿ ಕೆಲವನ್ನು ಅಚ್ಚುಹಾಕಿದ್ದಾರೆಂದು ನಮಗೆ ತೋರುತ್ತದೆ.

ಕಳೆದ ಮಳೆಗಾಲದಲ್ಲಿ ಕಾರ್ಕಳದ ಕಡೆಯಿಂದ ಬರುವ ನಮ್ಮ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು ಒಂದು ಕೈದೀಪವನ್ನು ಚೀಲದಲ್ಲಿಟ್ಟುಕೊಂಡು ನಮ್ಮ ಬಳಿಗೆ ಬಂದಳು. ಅವಳ ತಾಯಿಯು ಬೀಡಿ ಕಟ್ಟಿದ ಹಣದಿಂದ ಅದನ್ನು ಒಂದು ಜಾತ್ರೆಯಲ್ಲಿ ಕೊಂಡಿದ್ದರು. ಪೆಟ್ಟಿಗೆಯ ಮೇಲೆ 10,000 ಲ್ಯೂಮೆನ್, 500 ಮೀಟರ್, 10 ಗಂಟೆ ಎಂದು ಬರೆದಿತ್ತು. ಕೊಂಡ ದಿನವೇ ಅದರ ಬೆಳಕು ಗದ್ದೆಯ ಆಚೆಯ ಮನೆಯ ತನಕ ತಲಪಲಿಲ್ಲ. ಮೂರನೆಯ ವಾರದಲ್ಲಿ ಅರ್ಧ ದಾರಿಯಲ್ಲಿ ನಂದಿತು. ಮನೆಯವರು ತಾಯಿಗೆ, “ನಿನಗೆ ಇಂಥ ವಸ್ತುವನ್ನು ಉಪಯೋಗಿಸಲು ತಿಳಿಯದು, ಒಳ್ಳೆಯದನ್ನು ಕೆಡಿಸಿದೆ” ಎಂದರಂತೆ. “ಅಕ್ಕೋರೇ, ಕೆಡಿಸಿದ್ದು ಅಮ್ಮನೋ, ಅಲ್ಲ ಇದರ ಮೇಲೆ ಬರೆದದ್ದೇ ಸುಳ್ಳೋ?” ಎಂಬದು ಹುಡುಗಿಯ ಪ್ರಶ್ನೆ. ಉಪಕರಣಗಳಿಲ್ಲದ ಶಾಲೆಯಲ್ಲಿ ಇದಕ್ಕೆ ಉತ್ತರ ಕೊಡಬಹುದೇ ಎಂದು ನಾವು ಯೋಚಿಸಿದೆವು. ಕೊಡಬಹುದೆಂದು ಕಂಡಿತು. ಬೇಕಾದದ್ದು ಒಂದು ಮೇಣದ ಬತ್ತಿ, ಒಂದು ಬಿಳಿ ಕಾಗದ, ತೆಂಗಿನೆಣ್ಣೆಯ ಒಂದು ತೊಟ್ಟು, ಅಳತೆಯ ಪಟ್ಟಿ, ತಕ್ಕಡಿ, ಗಡಿಯಾರ, ಒಂದಿಷ್ಟು ಲೆಕ್ಕ ಇಷ್ಟೇ. ಹೋಲಿಸಿ ನೋಡುವದಕ್ಕಾಗಿ ಮತ್ತೊಂದು ಕೈದೀಪವನ್ನು ನಮ್ಮ ವಸತಿಗೃಹದಿಂದ ತರಿಸಿಕೊಂಡೆವು. ಅದು ಬೆಲೆಯಲ್ಲಿ ಮೊದಲನೆಯದರ ಆರು ಪಟ್ಟು. ಪೆಟ್ಟಿಗೆಯ ಮೇಲೆ ಮಾತ್ರ 1000 ಲ್ಯೂಮೆನ್, 200 ಮೀಟರ್, 3 ಗಂಟೆ ಎಂಬ ಸಣ್ಣ ಅಂಕೆಗಳು.

ಪರೀಕ್ಷೆಗೆ ಮುಂಚೆ ಮೂರು ಅಳತೆಗಳ ಅರ್ಥವನ್ನು ತಿಳಿಯಬೇಕು. ತೋಟಕ್ಕೆ ನೀರು ಹಾಯಿಸುವ ಪಂಪನ್ನು ಎಣಿಸಿಕೊಳ್ಳಿರಿ. ಕೊಳವೆಯ ಬಾಯಿಂದ ನಿಮಿಷಕ್ಕೆ ಒಟ್ಟು ಎಷ್ಟು ನೀರು ಬರುತ್ತದೆಂಬದು ಒಂದು ಅಳತೆ. ಬೆಳಕಿನಲ್ಲಿ ಅದಕ್ಕೆ ಸರಿಯಾದದ್ದು ಲ್ಯೂಮೆನ್. ಅದೇ ಕೊಳವೆಯ ಬಾಯಿಗೆ ಹೆಬ್ಬೆರಳನ್ನು ಒತ್ತಿ ಹಿಡಿದರೆ ನೀರು ಹೆಚ್ಚಾಗುವದಿಲ್ಲ, ಆದರೂ ಬಹುದೂರ ಚಿಮ್ಮುವದು. ಹೀಗೆ ಒಂದೇ ದಿಕ್ಕಿಗೆ ಕೂಡಿಸಿದ ಬೆಳಕಿನ ತೀವ್ರತೆಗೆ ಕ್ಯಾಂಡೆಲಾ ಎಂದು ಹೆಸರು. ಕಡೆಗೆ ಒಂದು ಅಡಿಕೆಮರದ ಬುಡ ಎಷ್ಟು ತೇವವಾಯಿತೆಂಬದು ಬೇರೆ ಪ್ರಶ್ನೆ; ಬೆಳಕು ಬಿದ್ದ ಸ್ಥಳದಲ್ಲಿ ಅದು ಎಷ್ಟು ದಟ್ಟವಾಗಿದೆಯೆಂದು ಹೇಳುವ ಅಳತೆ ಲಕ್ಸ್. ಒಂದು ಕ್ಯಾಂಡೆಲಾ ಎಂದರೆ ಸಾಧಾರಣ ಮೇಣದ ಬತ್ತಿಯ ತೀವ್ರತೆ ಎಂದು ತಿಳಿದರೆ ಸಾಕು. ಹೆಸರೂ ಅಲ್ಲಿಂದಲೇ ಬಂದದ್ದು.

ಪೆಟ್ಟಿಗೆಗಳವರು ಲ್ಯೂಮೆನನ್ನೇ ದೊಡ್ಡಕ್ಷರದಲ್ಲಿ ಬರೆಯುವದಕ್ಕೆ ಕಾರಣವಿದೆ. ಅದನ್ನು ಅಳೆಯಲು ಒಳಮೈಗೆ ಬಿಳಿಯ ಬಣ್ಣ ಬಳಿದ ಟೊಳ್ಳಾದ ಗೋಳವೊಂದು ಬೇಕು. ಅದು ದೊಡ್ಡ ಪ್ರಯೋಗಶಾಲೆಗಳ ಸೊತ್ತು, ಕೊಂಡವರ ಮನೆಯಲ್ಲಿ ಇರತಕ್ಕದ್ದಲ್ಲ. ಕ್ಯಾಂಡೆಲಾವನ್ನಾದರೋ ಯಾವ ಹುಡುಗಿಯಾದರೂ ಅಳೆಯಬಲ್ಲಳು.

ಇದಕ್ಕೆ ಜರ್ಮನಿಯ ರಸಾಯನಶಾಸ್ತ್ರಜ್ಞನಾದ ರಾಬರ್ಟ್ ಬುನ್ಸೆನನು ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ತಂದ ಉಪಾಯವನ್ನೇ ನಾವು ಹಿಡಿದೆವು. ಬಿಳಿ ಕಾಗದದ ಮಧ್ಯದಲ್ಲಿ ಒಂದು ತೊಟ್ಟು ಎಣ್ಣೆಯನ್ನು ಹಾಕಿ ಒರಸಿದರೆ ನಾಣ್ಯದಷ್ಟಗಲದ ಕಲೆ ಉಳಿಯುತ್ತದೆ. ಕಾಗದವನ್ನು ನೆಟ್ಟಗೆ ನಿಲ್ಲಿಸಿ ಹಿಂದಿನಿಂದ ಮಾತ್ರ ಬೆಳಕು ಬಿಟ್ಟರೆ ಕಲೆಯು ಸುತ್ತಲಿನ ಕಾಗದಕ್ಕಿಂತ ಬೆಳ್ಳಗಾಗಿ ತೋರುವದು. ಮುಂದಿನಿಂದ ಮಾತ್ರ ಬಿಟ್ಟರೆ ಕಪ್ಪಾಗಿ ತೋರುವದು. ಎರಡೂ ಕಡೆಗಳಿಂದ ಬೀಳುವ ಬೆಳಕು ಸಮನಾದಾಗ ಕಲೆಯು ಹೆಚ್ಚು ಕಡಿಮೆ ಮಾಯವಾಗುವದು. ಒಂದು ಕಡೆಯಲ್ಲಿ ಮೇಣದ ಬತ್ತಿಯನ್ನು ಕಾಗದದಿಂದ 20 ಸೆಂಟಿಮೀಟರ್ ದೂರದಲ್ಲಿಡಬೇಕು. ಇನ್ನೊಂದು ಕಡೆಯಲ್ಲಿ ಕೈದೀಪವನ್ನು ಹೊತ್ತಿಸಿ, ಅರ್ಧ ನಿಮಿಷ ಕಳೆಯಗೊಟ್ಟು, ಹಿಂದಕ್ಕೆ ಹಿಂದಕ್ಕೆ ಒಯ್ಯುತ್ತಾ ಕಲೆ ಮಾಯವಾಗುವ ಜಾಗದಲ್ಲಿ ನಿಲ್ಲಿಸಬೇಕು. ಬೆಳಕು ಎರಡರಷ್ಟು ದೂರ ಹೋದಾಗ ನಾಲ್ಕರಷ್ಟು ವಿಸ್ತಾರಕ್ಕೆ ಹರಡಿ ನಾಲ್ಕರಲ್ಲೊಂದು ಭಾಗದಷ್ಟು ತೆಳುವಾಗುವದೆಂಬ ನಿಯಮವನ್ನು ನೀವು ಕಲಿತಿದ್ದೀರಿ. ಆದುದರಿಂದ ಕೈದೀಪದ ದೂರವನ್ನು ಬತ್ತಿಯ ದೂರದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ, ಕೈದೀಪವು ಎಷ್ಟು ಬತ್ತಿಗಳಿಗೆ ಸಮವೆಂದು ದೊರಕುವದು.

ನಮ್ಮ ಶಾಲೆಯ ಉದ್ದನೆಯ ಜಗಲಿಯಲ್ಲಿ, ಅಮಾವಾಸ್ಯೆಯ ಸಮೀಪದ ಒಂದು ರಾತ್ರಿ, ವಸತಿಗೃಹದ ಹುಡುಗಿಯರೊಂದಿಗೆ ಇದನ್ನು ಮಾಡಿದೆವು. ಗಾಳಿಗೆ ಬತ್ತಿ ಆಡದ ಹಾಗೆ ಮೂರು ಕಡೆ ರಟ್ಟನ್ನು ನಿಲ್ಲಿಸಬೇಕಾಯಿತು. ಇನ್ನೊಂದು ತೊಡಕೂ ಉಂಟು: ಬತ್ತಿಯ ಬೆಳಕು ಹಳದಿ, ಕೈದೀಪದ್ದು ನೀಲಿ ಬೆರೆತ ಬಿಳುಪು, ಆದಕಾರಣ ಕಲೆ ಪೂರಾ ಅಳಿಯದು, ಅತ್ಯಂತ ಮಸುಕಾಗುವ ಜಾಗವನ್ನೇ ಗುರುತಿಸಬೇಕು. ನಾಲ್ಕು ಹುಡುಗಿಯರು ಒಬ್ಬರಾದ ಮೇಲೊಬ್ಬರು ನೋಡಿ ಗುರುತು ಹಾಕಿ, ಆ ನಾಲ್ಕರ ಸರಾಸರಿಯನ್ನು ತೆಗೆದರು. ಕಾಗದವನ್ನು ಓರೆಯಾಗಿ ನೋಡಬೇಕೇ ಹೊರತು ದೀಪದ ಬಾಯನ್ನು ಯಾರೂ ನೋಡಕೂಡದು. ಇಷ್ಟು ಬಲವಾದ ಬೆಳಕು ಕಣ್ಣಿಗೆ ಕೇಡು.

ವಸತಿಗೃಹದ ಕೈದೀಪಕ್ಕೆ ಕಲೆ ಮಾಯವಾದದ್ದು ಸುಮಾರು 20 ಮೀಟರ್ ದೂರದಲ್ಲಿ. ಅಂದರೆ ಬತ್ತಿಯ ದೂರದ ನೂರು ಪಟ್ಟು; ನೂರನ್ನು ನೂರರಿಂದ ಗುಣಿಸಿದರೆ 10,000 ಕ್ಯಾಂಡೆಲಾ. ಜಾತ್ರೆಯ ಕೈದೀಪಕ್ಕೆ ಹೊಸ ಕೋಶವನ್ನು ಹಾಕಿಯೂ 4 ಮೀಟರಿನಲ್ಲಿಯೇ ಕಲೆ ಮಾಯವಾಯಿತು. ಇಪ್ಪತ್ತು ಪಟ್ಟು; ಅಂದರೆ 400 ಕ್ಯಾಂಡೆಲಾ.

ಇದರಿಂದ ದೂರವನ್ನು ತಿಳಿಯುವದು ಹೇಗೆ? ಕೈದೀಪಗಳನ್ನು ಅಳೆಯುವ ಕ್ರಮಕ್ಕಾಗಿ 2009ರಲ್ಲಿ ಅಮೇರಿಕಾದಲ್ಲಿ ಎಫ್.ಎಲ್.1 ಎಂಬ ಒಂದು ಮಾನದಂಡವನ್ನು ಏರ್ಪಡಿಸಿದರು. ಒಳ್ಳೆಯ ತಯಾರಕರು ಈಗ ಅದನ್ನೇ ಅನುಸರಿಸುತ್ತಾರೆ. ಅದರ ಪ್ರಕಾರ ಬೆಳಕು ಕಾಲು ಲಕ್ಸಿಗೆ, ಎಂದರೆ ನಿರ್ಮಲವಾದ ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ, ಇಳಿಯುವ ದೂರವೇ ದೀಪದ ದೂರ. ಲೆಕ್ಕವು ಸುಲಭ: ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಬೇಕು. ಹತ್ತು ಸಾವಿರದ ವರ್ಗಮೂಲ ನೂರು. ಆದುದರಿಂದ ವಸತಿಗೃಹದ ದೀಪಕ್ಕೆ 200 ಮೀಟರ್. ಪೆಟ್ಟಿಗೆಯ ಮಾತು ಸರಿಹೋಯಿತು. ನಾನೂರರ ವರ್ಗಮೂಲ ಇಪ್ಪತ್ತು. ಜಾತ್ರೆಯ ದೀಪಕ್ಕೆ 40 ಮೀಟರ್. ಪೆಟ್ಟಿಗೆಯ ಮೇಲಿದ್ದ 500 ಮೀಟರ್ ನಿಜವಾಗಬೇಕಾದರೆ ಅದಕ್ಕೆ 62,500 ಕ್ಯಾಂಡೆಲಾ ಇರಬೇಕಿತ್ತು.

ಸರಿಯಾದ ಅಂಕೆಯನ್ನಾದರೂ ವಿಚಾರಿಸಿ ಓದಬೇಕು. ಬೆಳದಿಂಗಳಲ್ಲಿ ದಾರಿ ಕಾಣುವದು ನಿಜ, ದಾರಿಯಲ್ಲಿ ಮಲಗಿದ ಹಾವು ಕಾಣುವದೆಂಬ ಭರವಸೆಯಿಲ್ಲ. ಆದಕಾರಣ ಬರೆದ ದೂರದ ಅರ್ಧವನ್ನೇ ಉಪಯೋಗದ ದೂರವೆಂದು ಎಣಿಸುವದು ಲೇಸು. ಅಲ್ಲಿ ಬೆಳಕು ನಾಲ್ಕು ಪಟ್ಟು, ಅಂದರೆ ಒಂದು ಲಕ್ಸ್ ಇರುವದು. ಮಣಿಪಾಲದ ಮಣ್ಣಪಳ್ಳದ ಕೆರೆಯ ದಂಡೆಯಲ್ಲಿ ನಿಂತು ಇದೇ ದೀಪವನ್ನು ನೀರಿನ ಆಚೆಗೆ ಬಿಟ್ಟಾಗ ಅದು ಸಪ್ಪಗೆ ತೋರಿತೆಂದು ಹುಡುಗಿಯರು ಆಶ್ಚರ್ಯಪಟ್ಟರು. ದೀಪ ಬದಲಾಗಿರಲಿಲ್ಲ, ಸುತ್ತಲಿನ ಬೀದಿದೀಪಗಳಿಗೆ ಹೊಂದಿಕೊಂಡ ಕಣ್ಣು ಬದಲಾಗಿತ್ತು. ಕಣ್ಣು ಇಂಥ ವಿಷಯಗಳಲ್ಲಿ ನಂಬತಕ್ಕ ಸಾಕ್ಷಿಯಲ್ಲ. ಬೆಳಕು ಮೆಲ್ಲನೆ ಅರ್ಧಕ್ಕಿಳಿದರೂ ಅದು ಗುರುತಿಸುವದಿಲ್ಲ.

ಕಿರಣದ ಅಗಲವನ್ನೂ ಒಮ್ಮೆ ನೋಡಬೇಕು. ಗೋಡೆಯಿಂದ 10 ಮೀಟರ್ ದೂರ ನಿಂತು ನಡುವಿನ ಬೆಳಕಿನ ಬಟ್ಟಲನ್ನು ಅಳೆದಾಗ ವಸತಿಗೃಹದ ದೀಪದ್ದು ಒಂದೂವರೆ ಮೀಟರ್ ಇತ್ತು. ನೂರು ಮೀಟರಿನಲ್ಲಿ ಅದು ಹದಿನೈದು ಮೀಟರ್ ಆಗುವದು. 1432ರಲ್ಲಿ ನಿಲ್ಲಿಸಲ್ಪಟ್ಟ ಕಾರ್ಕಳದ ಗೊಮ್ಮಟನ ಎತ್ತರ 42 ಅಡಿ, ಅಂದರೆ ಹದಿಮೂರು ಮೀಟರಿಗೆ ಸ್ವಲ್ಪ ಕಡಿಮೆ. ಅಷ್ಟು ದೊಡ್ಡ ಮೂರ್ತಿಯು ನೂರು ಮೀಟರ್ ದೂರದಿಂದ ಈ ಬಟ್ಟಲೊಳಗೆ ಅಡಗುವದು. ಇದಕ್ಕಿಂತ ಕಿರಿದಾದ ಕಿರಣ ಇನ್ನೂ ದೂರ ಹೋಗುವದು, ಆದರೆ ಮುಖ ಕಂಡರೆ ಕಾಲು ಕಾಣದು.

ಈಗ ಲ್ಯೂಮೆನಿನ ಸುಳ್ಳನ್ನು ಲೆಕ್ಕದಿಂದ ಹಿಡಿಯೋಣ. ಇದಕ್ಕೆ ದೀಪವನ್ನು ಹೊತ್ತಿಸುವದೂ ಬೇಡ.

ಇಂದಿನ ಬಲವಾದ ಕೈದೀಪಗಳಲ್ಲಿ ಸಾಧಾರಣವಾಗಿರುವದು 18650 ಎಂಬ ಲಿಥಿಯಂ ಕೋಶ. ಆ ಅಂಕೆಯಲ್ಲಿ ಗುಟ್ಟೇನೂ ಇಲ್ಲ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕಡೆಯ ಸೊನ್ನೆ ದುಂಡಗಿರುವದರ ಗುರುತು. ಅದರ ಒತ್ತಡ ಸುಮಾರು 3.6 ವೋಲ್ಟ್. ಅದು ಹಿಡಿಯುವ ವಿದ್ಯುತ್ತು ಒಳ್ಳೆಯ ಕೋಶದಲ್ಲಿ 3000 ಮಿಲಿ ಆಂಪಿಯರ್ ಗಂಟೆ ಎಂದು ಇಟ್ಟುಕೊಳ್ಳೋಣ. ಬಹು ಉತ್ತಮವಾದವು 3500ರ ಆಸುಪಾಸಿಗೆ ಬರುತ್ತವೆ. 3.6ನ್ನು 3ರಿಂದ ಗುಣಿಸಿದರೆ 10.8 ವ್ಯಾಟ್ ಗಂಟೆ. ಇದೇ ಆ ಕೋಶದ ಗಂಟು. ಒಳ್ಳೆಯ ಕೈದೀಪದಲ್ಲಿ ಒಂದು ವ್ಯಾಟಿಗೆ ಸುಮಾರು ನೂರು ಲ್ಯೂಮೆನ್ ಹುಟ್ಟುತ್ತದೆ. ಹಾಗಾದರೆ 10,000 ಲ್ಯೂಮೆನಿಗೆ ನೂರು ವ್ಯಾಟ್ ಬೇಕು. ಗಂಟು ಆರೂವರೆ ನಿಮಿಷದಲ್ಲಿ ಬರಿದಾಗುವದು. ಪೆಟ್ಟಿಗೆಯವರು ಬರೆದದ್ದು ಹತ್ತು ಗಂಟೆ! ತಯಾರಕರು ಬಹಳ ಜಾಣರು, ವ್ಯಾಟಿಗೆ ನೂರಲ್ಲ ಇನ್ನೂರು ಹುಟ್ಟಿಸಿದರು ಎಂದರೂ ಹದಿಮೂರು ನಿಮಿಷ. ಅದಕ್ಕಿಂತ ಬಹಳ ಮೇಲೆ ಹೋಗುವ ಆಸೆಯೂ ಇಲ್ಲ. ಕಣ್ಣಿಗೆ ಅತ್ಯಂತ ಹೆಚ್ಚಾಗಿ ತೋರುವ ಶುದ್ಧ ಹಸುರು ಬೆಳಕಿಗೂ ವ್ಯಾಟಿಗೆ 683 ಲ್ಯೂಮೆನ್ ಎಂಬ ಮೇರೆಯನ್ನು ಸೃಷ್ಟಿಯೇ ಹಾಕಿದೆ, ಬಿಳಿಯ ಬೆಳಕಿಗೆ ಅದರ ಅರ್ಧದಷ್ಟೂ ಕಷ್ಟ.

ಜಾತ್ರೆಯ ದೀಪದ ಕೋಶದ ಮೇಲೆ 9900 ಮಿಲಿ ಆಂಪಿಯರ್ ಗಂಟೆ ಎಂದು ಬರೆದಿತ್ತು. ಆ ಗಾತ್ರದ ಕೋಶದಲ್ಲಿ ಅಷ್ಟನ್ನು ತುಂಬಲು ಇಂದಿನ ತನಕ ಯಾರಿಂದಲೂ ಆಗಲಿಲ್ಲ. ತಕ್ಕಡಿಯಲ್ಲಿ ತೂಗಿದೆವು. ಸರಿಯಾದ 18650 ಕೋಶವು 45 ಗ್ರಾಮಿನಿಂದ 50 ಗ್ರಾಮಿನಷ್ಟು ತೂಗುತ್ತದೆ. ಇದು ಅದರ ಮೂರರಲ್ಲಿ ಎರಡು ಭಾಗಕ್ಕೂ ಕಡಿಮೆ ತೂಗಿತು. ಹೊರಗೆ ದೊಡ್ಡ ಕೊಳವೆ, ಒಳಗೆ ಸಣ್ಣ ಕೋಶ ಎಂಬದು ಇಂಥ ವ್ಯಾಪಾರದಲ್ಲಿ ಹೊಸತಲ್ಲ. ಹುಡುಗಿಯರು ಅದನ್ನು ಬಿಚ್ಚಿ ನೋಡಬೇಕೆಂದರು. ನಾವು ಖಂಡಿತವಾಗಿ ಬೇಡವೆಂದೆವು. ಲಿಥಿಯಂ ಕೋಶವನ್ನು ಸೀಳಿದರೆ, ಚುಚ್ಚಿದರೆ ಅಥವಾ ಜಜ್ಜಿದರೆ ಅದು ಕ್ಷಣಮಾತ್ರದಲ್ಲಿ ಉರಿದೇಳಬಹುದು, ಆ ಹೊಗೆಯೂ ವಿಷವೇ. ತಕ್ಕಡಿ ಹೇಳಿದ ಸಾಕ್ಷಿಯೇ ಸಾಕು.

ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿಗೇ ದೊರಕಿತೆನ್ನಬಹುದು. ಯಾವ ತಾಯಿಯೂ ಕೆಡಿಸುವದಕ್ಕೆ ಮುಂಚೆಯೇ ಆ ವಸ್ತು ಹಾಗಿತ್ತು. ಈ ಲೆಕ್ಕವನ್ನು ಅವಳೇ ಒಂದು ಹಾಳೆಯಲ್ಲಿ ಬರೆದು ಮನೆಗೆ ಒಯ್ದಳು.

ಅಗ್ಗದ ದೀಪದ ಸುಳ್ಳನ್ನು ಹೀಗೆ ಹಿಡಿಯುವದು ಸುಲಭ. ಬೆಲೆಯುಳ್ಳ ದೀಪದ ಅರೆಸತ್ಯವನ್ನು ಹಿಡಿಯುವದು ಅಷ್ಟು ಸುಲಭವಲ್ಲ, ಅದಕ್ಕೆ ಮೂರು ಗಂಟೆ ಎಚ್ಚರವಿರಬೇಕಾಗುತ್ತದೆ. ವಸತಿಗೃಹದ ದೀಪವನ್ನು ಕತ್ತಲೆಯ ಕೋಣೆಯಲ್ಲಿ ಮಾಳಿಗೆಗೆ ಬೆಳಕು ಬೀಳುವಂತೆ ನೆಟ್ಟಗೆ ನಿಲ್ಲಿಸಿ, ಬೆಳಕನ್ನು ಅಳೆಯುವ ಸಾಧನವುಳ್ಳ ಒಂದು ಮೊಬೈಲ್ ಫೋನನ್ನು ನೆಲದ ಮೇಲೆ ಕದಲದಂತೆ ಇಟ್ಟೆವು. ಫೋನಿನ ಅಂಕೆಯು ನಿಖರವಾದ ಲಕ್ಸ್ ಅಲ್ಲದಿರಬಹುದು. ಆದರೆ ಮೊದಲಿನ ಅಂಕೆಯನ್ನು ನೂರು ಎಂದಿಟ್ಟುಕೊಂಡು ಮುಂದಿನವನ್ನು ಅದಕ್ಕೆ ಹೋಲಿಸಲು ಅದು ಧಾರಾಳವಾಗಿ ಸಾಕು. ಐದೈದು ನಿಮಿಷಕ್ಕೊಮ್ಮೆ ಇಬ್ಬಿಬ್ಬರು ಹುಡುಗಿಯರು ಸರದಿಯಂತೆ ಅಂಕೆಯನ್ನು ಬರಕೊಂಡರು. ನೂರರಿಂದ ಆರಂಭವಾದದ್ದು ಹತ್ತನೆಯ ನಿಮಿಷದೊಳಗೆ ಮೂವತ್ತೈದರ ಸಮೀಪಕ್ಕೆ ಇಳಿಯಿತು. ಅಲ್ಲಿಂದ ಎರಡೂವರೆ ಗಂಟೆಗೂ ಮಿಕ್ಕಿ ಹೆಚ್ಚು ಕದಲದೆ ನಿಂತು, ಬಳಿಕ ಒಮ್ಮೆಲೇ ಕುಸಿಯಿತು.

ಹಾಗಾದರೆ 1000 ಲ್ಯೂಮೆನ್, 3 ಗಂಟೆ ಎಂಬದು ಸುಳ್ಳೇ? ಮಾನದಂಡದ ಪ್ರಕಾರ ಸುಳ್ಳಲ್ಲ. ದೀಪ ಹೊತ್ತಿಸಿದ ಅರ್ಧ ನಿಮಿಷದ ಮೇಲಿನ ಬೆಳಕನ್ನು ಮೊದಲ ಬೆಳಕೆಂದು ಹಿಡಿದು, ಅದು ಹತ್ತರಲ್ಲೊಂದು ಭಾಗಕ್ಕೆ ಇಳಿಯುವ ತನಕದ ಹೊತ್ತೆಲ್ಲವೂ ದೀಪದ ಆಯುಸ್ಸೆಂದು ಆ ನಿಯಮವು ಹೇಳುತ್ತದೆ. ಐದು ನಿಮಿಷ ಧಗಧಗಿಸಿ ಐದು ಗಂಟೆ ಮಂಕಾಗಿ ಉರಿಯುವ ದೀಪಕ್ಕೂ ಎರಡು ಒಳ್ಳೆಯ ಅಂಕೆಗಳನ್ನು ಒಂದರ ಮಗ್ಗುಲಲ್ಲೊಂದು ಬರೆಯುವ ಅನುಮತಿ ಇದರಿಂದ ಸಿಕ್ಕಿದಂತಾಯಿತು. ನಿಯಮವನ್ನು ಮಾಡಿದವರು ತಯಾರಕರ ಕಡೆಗೆ ತುಸು ಹೆಚ್ಚಾಗಿಯೇ ದಯೆ ತೋರಿಸಿದ್ದಾರೆಂದು ನಮ್ಮ ಅಭಿಪ್ರಾಯ. ಒಳ್ಳೆಯ ತಯಾರಕರು ಬೆಳಕು ಹೊತ್ತಿಗೆ ತಕ್ಕಂತೆ ಇಳಿಯುವ ರೇಖಾಚಿತ್ರವನ್ನು ಕೂಡಾ ಅಚ್ಚುಹಾಕುತ್ತಾರೆ. ಕೊಳ್ಳುವಾಗ ಅದನ್ನು ಕೇಳಿ ನೋಡಬೇಕು.

ಬೆಳಕು ಹೀಗೆ ಬೇಗನೆ ಇಳಿಯುವದು ದೋಷವಲ್ಲ, ಕಾವಲು. ಎಲ್.ಇ.ಡಿ. ಎಂಬ ಆ ಸಣ್ಣ ಹಳದಿ ಚುಕ್ಕೆಯು ತನಗೆ ಕೊಟ್ಟ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಬೆಂಕಿಯಂತೆ ಬಿಸಿಯಾಗಿಯೇ ಹೊರಗೆಡಹುತ್ತದೆ. ಹಳೆಯ ತಂತಿಯ ಬುರುಡೆಯು ತನ್ನ ಶಾಖವನ್ನು ಕಿರಣಗಳ ಮೂಲಕ ಮುಂದಕ್ಕೆ ಚೆಲ್ಲುತ್ತಿತ್ತು; ಎಲ್.ಇ.ಡಿ.ಯದ್ದು ಹಿಂದಿನಿಂದ ಲೋಹದ ಮೈಗೆ ಹರಿದು ಹೋಗಬೇಕು. ಹೋಗಲು ದಾರಿಯಿಲ್ಲದಿದ್ದರೆ ಅದು ಮಂಕಾಗಿ ಕಡೆಗೆ ಸುಟ್ಟುಹೋಗುವದು. ಆದಕಾರಣವೇ ಒಳ್ಳೆಯ ಕೈದೀಪಕ್ಕೆ ದಪ್ಪನೆಯ ಅಲ್ಯುಮಿನಿಯಮ್ ಮೈಯೂ, ತಲೆಯ ಸುತ್ತಲೂ ಗಾಳಿ ತಗಲುವ ಏಣುಗಳೂ, ಬಿಸಿ ಹೆಚ್ಚಿದಾಗ ಬೆಳಕನ್ನು ತಗ್ಗಿಸುವ ಏರ್ಪಾಡೂ ಇರುತ್ತವೆ. ದೀಪ ಹೊತ್ತಿಸಿದ ಐದು ನಿಮಿಷದ ಮೇಲೆ ತಲೆಯನ್ನು ಮುಟ್ಟಿ ನೋಡಿರಿ. ಮೈಯೆಲ್ಲವೂ ಸಮನಾಗಿ ಬೆಚ್ಚಗಾಗಿದ್ದರೆ ಶಾಖವು ಹರಿಯುತ್ತಿದೆಯೆಂದು ಅರ್ಥ. ಗಾಜಿನ ಸಮೀಪ ಮಾತ್ರ ಸುಡುತ್ತಾ ಹಿಡಿ ತಣ್ಣಗಿದ್ದರೆ, ಮೇಲಕ್ಕೆ ಲೋಹದ ಬಣ್ಣ ಬಳಿದ ಪ್ಲಾಸ್ಟಿಕೆಂದು ತಿಳಿಯಬೇಕು.

ಈ ಚುಕ್ಕೆಯ ಚರಿತ್ರೆಯು ದೊಡ್ಡದಾದರೂ ಇಲ್ಲಿ ಎರಡು ಮಾತು ಸಾಕು. ನಮ್ಮ ಅಜ್ಜಿಯಂದಿರು ರಾತ್ರಿಯ ದಾರಿಗೆ ಒಣ ತೆಂಗಿನ ಗರಿಯ ಸೂಡಿಯನ್ನು, ತುಳುವಿನಲ್ಲಿ ಹೇಳುವದಾದರೆ ತೂಟೆಯನ್ನು, ಬೀಸುತ್ತಾ ನಡೆಯುತ್ತಿದ್ದರು. ಕೊಳವೆಯಾಕಾರದ ಕೈದೀಪಕ್ಕೆ ಡೇವಿಡ್ ಮಿಸೆಲ್ ಎಂಬವನು 1899ರಲ್ಲಿ ಅಮೇರಿಕಾದಲ್ಲಿ ಹಕ್ಕುಪತ್ರ ಪಡೆದನು. ಅಂದಿನ ಕೋಶಗಳು ದುರ್ಬಲವಾಗಿದ್ದು ಮಿಂಚಿದಂತೆ ಕ್ಷಣಕಾಲ ಮಾತ್ರ ಬೆಳಗುತ್ತಿದ್ದುದರಿಂದಲೇ ಇಂಗ್ಲಿಷಿನಲ್ಲಿ ಅದಕ್ಕೆ ಮಿಂಚಿನ ಹೆಸರು ಬಂತು. ಕೆಂಪು ಎಲ್.ಇ.ಡಿ.ಯನ್ನು ನಿಕ್ ಹೋಲೋನ್ಯಾಕ್ 1962ರಲ್ಲಿ ಮಾಡಿದರೂ ಬಿಳಿಯ ಬೆಳಕಿಗೆ ಬೇಕಾದ ನೀಲಿಯು ಕಾಂತಿಯುಳ್ಳದ್ದಾಗಿ ಸಿಗಲು 1990ರ ದಶಕದ ತನಕ ಕಾಯಬೇಕಾಯಿತು. ಆ ನೀಲಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಾಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು. ನೀಲಿಯ ಮೇಲೆ ಹಳದಿಯ ಲೇಪವನ್ನು ಹಾಕಿ ಬಿಳುಪನ್ನು ಬರಿಸುವದರಿಂದ ಅಗ್ಗದ ದೀಪಗಳಲ್ಲಿ ಕೆಂಪು ಬಹಳ ಕಡಿಮೆ. ಒಂದು ದಾಸವಾಳವನ್ನೂ ಒಂದು ಮುರಕಲ್ಲಿನ ತುಂಡನ್ನೂ ಕೆಲವು ತರಗೆಲೆಗಳನ್ನೂ ಒಟ್ಟಿಗಿಟ್ಟು ಬೆಳಕು ಬಿಟ್ಟು ನೋಡಿರಿ. ಕೆಟ್ಟ ದೀಪದಲ್ಲಿ ಮೂರೂ ಬೂದಿಬಣ್ಣಕ್ಕೆ ತಿರುಗುವವು. ತರಗೆಲೆಯ ಮೇಲಿನ ಕೊಳಕುಮಂಡಲವನ್ನು ಎಲೆಯಿಂದ ಬೇರ್ಪಡಿಸಿ ಕಾಣುವದಕ್ಕೆ ಲ್ಯೂಮೆನಿಗಿಂತ ಈ ಗುಣವೇ ಹೆಚ್ಚು ಉಪಕಾರಿ.

ದೂರ ಹೋಗುವ ಬೆಳಕಿನ ಗುಟ್ಟನ್ನು ತಿಳಿಯಬೇಕಾದರೆ ಕಾಪುವಿನ ದೀಪಸ್ತಂಭವನ್ನು ನೋಡಬೇಕು. ಸಮುದ್ರದ ಅಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಲ್ಪಟ್ಟ ಆ ಸ್ತಂಭವು ಸುಮಾರು 27 ಮೀಟರ್ ಎತ್ತರವಾಗಿದೆ. ದೀಪಸ್ತಂಭಗಳ ಶಕ್ತಿಯು ಉರಿಯ ದೊಡ್ಡತನದಲ್ಲಿಲ್ಲ. ಫ್ರಾನ್ಸಿನ ಫ್ರೆನೆಲನು 1820ರ ದಶಕದಲ್ಲಿ ಸಾಧಿಸಿದ, ಬಳೆಬಳೆಯಾಗಿ ಜೋಡಿಸಿದ ಗಾಜು ಚದರಿಹೋಗುವ ಬೆಳಕನ್ನು ಕೂಡಿಸಿ ಕಡಲಿನ ಕಡೆಗೆ ಕಳುಹಿಸುತ್ತದೆ. ಕೈದೀಪದಲ್ಲಿ ಈ ಕೆಲಸವನ್ನು ಮಾಡುವದು ಚುಕ್ಕೆಯ ಸುತ್ತಲಿನ ಹೊಳೆಯುವ ಬಟ್ಟಲು. ಅದು ಅಗಲವೂ ಆಳವೂ ಆಗಿದ್ದು ಮೈ ನುಣುಪಾಗಿದ್ದರೆ ಕಿರಣವು ದೂರ ಹೋಗುವದು. ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾಗಿದ್ದರೆ ಬೆಳಕು ಹತ್ತಿರದಲ್ಲಿ ಮೆತ್ತಗೆ ಹರಡುವದು.

ಆದರೆ ದೀಪಸ್ತಂಭಕ್ಕೂ ಕೈದೀಪಕ್ಕೂ ಒಂದು ಮುಖ್ಯ ಭೇದವಿದೆ. ಕಾಪು, ಮಲ್ಪೆಗಳಿಂದ ನಾಡದೋಣಿಯಲ್ಲಿ ಹೋಗುವವರ ಮನೆಯ ಹುಡುಗಿಯರು ಇದನ್ನು ಚೆನ್ನಾಗಿ ಗಮನಿಸಬೇಕು. ಕೈದೀಪದಿಂದ ನಾವು ನೋಡುತ್ತೇವೆ. ದೀಪಸ್ತಂಭವು ತಾನೇ ಕಾಣಿಸಿಕೊಳ್ಳುತ್ತದೆ. ಬಂಡೆಯನ್ನು ಬೆಳಗಿ ನೋಡಲು ಸಾವಿರಾರು ಕ್ಯಾಂಡೆಲಾ ಬೇಕು. ಕತ್ತಲೆಯಲ್ಲಿ ಒಂದು ದೀಪವಾಗಿ ಕಾಣಿಸಿಕೊಳ್ಳಲು ಬೇಕಾದದ್ದು ಅತ್ಯಲ್ಪ. ಸಮುದ್ರದಲ್ಲಿ ಹಡಗುಗಳು ಒಂದಕ್ಕೊಂದು ಡಿಕ್ಕಿಯಾಗದಂತೆ ಮಾಡಿದ ಅಂತರರಾಷ್ಟ್ರೀಯ ನಿಯಮಗಳ ಲೆಕ್ಕದಲ್ಲಿ, ಎರಡು ಕಡಲಮೈಲು ದೂರಕ್ಕೆ ಕಾಣಬೇಕಾದ ದೀಪಕ್ಕೆ 4.3 ಕ್ಯಾಂಡೆಲಾ, ಆರು ಕಡಲಮೈಲಿಗೆ, ಅಂದರೆ ಹನ್ನೊಂದು ಕಿಲೋಮೀಟರಿಗೆ, 94 ಕ್ಯಾಂಡೆಲಾ ಸಾಕು. ನಾವು ಹೀಯಾಳಿಸಿದ ಜಾತ್ರೆಯ ದೀಪವು ನಾನೂರು ಕ್ಯಾಂಡೆಲಾದ್ದು. ಆದುದರಿಂದ ಇಂಜಿನು ಕೆಟ್ಟು ನಿಂತ ದೋಣಿಯವನಿಗೆ ತನ್ನ ಇರವನ್ನು ತಿಳಿಸಲು ದೂರದ ಕಿರಣ ಬೇಡ. ರಾತ್ರಿಯೆಲ್ಲಾ ನಂದದಿರುವದು, ನೀರಿಗೆ ಬಿದ್ದರೂ ಕೆಡದಿರುವದು ಇವೆರಡೇ ಬೇಕು. ಜಾತ್ರೆಯ ದೀಪವು ಈ ಎರಡರಲ್ಲಿಯೂ ಸೋತಿತು. ತಂದೆ, ಅಣ್ಣಂದಿರು ಕಡಲಿಗೆ ಒಯ್ಯುವ ದೀಪವನ್ನು ಆರಿಸುವಾಗ ಗಂಡಸರು 500 ಮೀಟರಿನ ಮಾತಿಗೆ ಮರುಳಾಗುವದುಂಟು. ಮನೆಯ ಹುಡುಗಿಯು ಈ ಲೆಕ್ಕವನ್ನು ಹೇಳಲು ನಾಚಬೇಕಾಗಿಲ್ಲ.

ನೀರಿನ ಪರೀಕ್ಷೆಗೆ ಪೆಟ್ಟಿಗೆಯ ಮೇಲೆ ಐ.ಪಿ.ಎಕ್ಸ್. ಎಂಬ ಗುರುತನ್ನು ನೋಡಬೇಕು. ಅದರ ಮುಂದೆ 4 ಇದ್ದರೆ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಾಳುವದು. 7 ಇದ್ದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿದ್ದರೂ ತಾಳುವದು. 8 ಇದ್ದರೆ ಅದಕ್ಕಿಂತ ಕಠಿಣವಾದ, ತಯಾರಕರೇ ಹೇಳಿದ ಆಳಕ್ಕೆ. ನಾವು ಎರಡು ದೀಪಗಳನ್ನೂ ಕೋಶ ತೆಗೆದು, ಒಳಗೆ ಒಣ ಕಾಗದದ ಸುರುಳಿಯನ್ನಿಟ್ಟು, ತಿರುಪನ್ನು ಬಿಗಿದು ಬಾವಿಯ ಬಳಿಯ ತೊಟ್ಟಿಯಲ್ಲಿ ಅರ್ಧ ಗಂಟೆ ಮುಳುಗಿಸಿದೆವು. ಒಂದರ ಕಾಗದ ಒಣಗಿಯೇ ಇತ್ತು, ಇನ್ನೊಂದರದ್ದು ಮುದ್ದೆಯಾಗಿತ್ತು. ಯಾವುದು ಯಾವುದೆಂದು ಹೇಳಬೇಕಾಗಿಲ್ಲ. ಕೆಟ್ಟದ್ದರ ತಿರುಪಿನಲ್ಲಿ ರಬ್ಬರಿನ ಬಳೆಯೇ ಇರಲಿಲ್ಲ. ಒಂದು ಮೀಟರ್ ಎತ್ತರದಿಂದ ಸಿಮೆಂಟಿನ ನೆಲಕ್ಕೆ ಬೀಳಿಸುವ ಪರೀಕ್ಷೆಯನ್ನೂ ಮಾನದಂಡವು ಹೇಳುತ್ತದೆ. ವಸತಿಗೃಹದ ಆಸ್ತಿಯನ್ನು ಬೇಕೆಂದೇ ಬೀಳಿಸಲು ನಮಗೆ ಮನಸ್ಸಾಗಲಿಲ್ಲ. ಅದು ಮಕ್ಕಳ ಕೈಯಿಂದ ಈಗಾಗಲೇ ಅನೇಕ ಸಾರಿ ಬಿದ್ದೆದ್ದಿದೆ.

ಮಾನದಂಡದಲ್ಲಿಲ್ಲದ ಒಂದು ಪರೀಕ್ಷೆಯನ್ನು ನಮ್ಮ ಕರಾವಳಿಯೇ ಮಾಡುತ್ತದೆ; ಅದು ಉಪ್ಪುಗಾಳಿ. ಕೋಶವನ್ನು ಒತ್ತಿ ಹಿಡಿಯುವ ಸುರುಳಿಯು ಉಕ್ಕಿನದ್ದಾಗಿ ಮೇಲಿನ ಲೇಪ ತೆಳುವಾಗಿದ್ದರೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ವಿದ್ಯುತ್ತಿನ ದಾರಿಯನ್ನು ಕಟ್ಟುವದು. ದೀಪ ಕೆಟ್ಟಿತೆಂದು ಬಿಸಾಡುವವರಲ್ಲಿ ಹಲವರು ಈ ಸುರುಳಿಯನ್ನು ಒರಸಿ ನೋಡಿದ್ದರೆ ಹೊಸದರ ಹಣ ಉಳಿಯುತ್ತಿತ್ತು. ಕಡಲಿಗೆ ಹೋಗಿ ಬಂದ ದೀಪವನ್ನು ತಿರುಪು ಬಿಚ್ಚದೆ ಸಿಹಿನೀರಿನಲ್ಲಿ ತೊಳೆದು, ಒರಸಿ, ಒಣಗಿದ ಬಳಿಕವೇ ತೆರೆಯಬೇಕು. ರಬ್ಬರಿನ ಬಳೆಗೆ ಸಿಲಿಕೋನಿನ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಸೀಮೆಎಣ್ಣೆಯನ್ನೂ ಪೆಟ್ರೋಲಿಯಂ ಜೆಲ್ಲಿಯನ್ನೂ ಹಚ್ಚಿದರೆ ಕೆಲವು ಜಾತಿಯ ರಬ್ಬರು ಉಬ್ಬಿ ಕೆಡುವದು.

ಘಟ್ಟದ ಬುಡದಲ್ಲಿರುವ ಮಾಳದ ಕಡೆಯ ಹುಡುಗಿಯರು ಕೇಳಿದ ಒಂದು ಪ್ರಶ್ನೆ ಉಳಿದಿದೆ. ಮಂಜು ಮುಸುಕಿದಾಗ ಬಲವಾದ ದೀಪಕ್ಕಿಂತ ಮಂಕಾದ ದೀಪದಲ್ಲಿಯೇ ದಾರಿ ಚೆನ್ನಾಗಿ ಕಾಣುವದೇಕೆ? ಮಂಜಿನ ಹನಿಗಳು ಬೆಳಕನ್ನು ಹಿಂದಕ್ಕೆ ಕಣ್ಣಿಗೇ ಚೆಲ್ಲುತ್ತವೆ; ಬೆಳಕು ಹೆಚ್ಚಿದಷ್ಟೂ ಎದುರಿಗೆ ಬಿಳಿಯ ಗೋಡೆ ಕಟ್ಟಿದಂತಾಗುವದು. ದೀಪವನ್ನು ಮುಖದ ಬಳಿಯಲ್ಲಿ ಹಿಡಿಯದೆ ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಕಿರಿದಾದ ಕಿರಣವನ್ನು ನೆಲಕ್ಕೆ ಓರೆಯಾಗಿ ಬಿಟ್ಟರೆ ಆ ಗೋಡೆಯು ಕಣ್ಣಿನ ದಾರಿಯಿಂದ ತಪ್ಪುವದು. ನೆಲದ ಕಲ್ಲು ಕುಳಿಗಳ ನೆರಳುಗಳೂ ಉದ್ದವಾಗಿ ಬಿದ್ದು ಎಡವುವದು ಕಡಿಮೆಯಾಗುವದು. ಇಂಥ ದಾರಿಗೆ ಐವತ್ತರಿಂದ ನೂರು ಲ್ಯೂಮೆನ್ ಧಾರಾಳ. ಆ ಮಟ್ಟದಲ್ಲಿ ನಮ್ಮ 10.8 ವ್ಯಾಟ್ ಗಂಟೆಯ ಕೋಶವು ಹತ್ತು ಗಂಟೆಗೂ ಮಿಕ್ಕಿ ಬಾಳುವದೆಂದು ನೀವೇ ಲೆಕ್ಕ ಹಾಕಿ ನೋಡಬಹುದು.

ಜಾತ್ರೆಯ ದೀಪದ ಆ ಹಗುರವಾದ ಕೋಶವು ಪರೀಕ್ಷೆಯ ಮರುವಾರ ಉಬ್ಬಿತು. ಉಬ್ಬಿದ ಕೋಶಕ್ಕೆ ಮತ್ತೆ ವಿದ್ಯುತ್ತು ತುಂಬಬಾರದು. ಒಲೆಗೂ ಕಸದ ರಾಶಿಗೂ ಹಾಕಬಾರದು. ಹಳೆಯ ಕೋಶಗಳನ್ನು ಹಿಂದಕ್ಕೆ ಪಡೆದು ಸಂಸ್ಕರಿಸುವ ಹೊಣೆಯನ್ನು ನಮ್ಮ ದೇಶದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ನಾವು ಅದರ ಎರಡು ತುದಿಗಳಿಗೂ ಅಂಟುಪಟ್ಟಿಯನ್ನು ಸುತ್ತಿ, ಒಣಮರಳು ತುಂಬಿದ ಡಬ್ಬಿಯಲ್ಲಿಟ್ಟು, ಇಂಥವನ್ನು ಕೂಡಿಸುವವರಿಗೆ ಒಪ್ಪಿಸಿದೆವು.